ಸೋದರಮಾವನ ಹೆಸರಿನ ಸೈಜ್ ಎಷ್ಟಿರಬೇಕು?

ಕಳೆದ ವಾರ ನಮ್ಮ ಮಾಮ ನಮ್ಮ ಮೇಲೆ ಮುನಿಸಿಕೊಂಡರು. ಕಾರಣ: 0.8.

ಇಷ್ಟೇ. ಸೊನ್ನೆ ಪಾಯಿಂಟ್ ಎಂಟು. ಆಸ್ತಿ ಜಗಳ ಅಲ್ಲ, ಯಾರೋ ಯಾರಿಗೋ ಏನೋ ಅಂದರು ಅಂತಲೂ ಅಲ್ಲ. ನಾನೇ ಕೂತು ಕೀಬೋರ್ಡಿನಲ್ಲಿ ಕುಟ್ಟಿದ ಒಂದು ದಶಾಂಶ ಸಂಖ್ಯೆ. ಅದರಿಂದಾಗಿ ನಮ್ಮ ಸುಮಕ್ಕನ ಮದುವೆಯಲ್ಲಿ ಸುಮಕ್ಕನನ್ನು ಮಂಟಪಕ್ಕೆ ಹೊತ್ತು ತರುವವರೇ ಇಲ್ಲ ಎನ್ನುವ ಪರಿಸ್ಥಿತಿ ಬಂತು.

ನೀವು ನಗುತ್ತಿದ್ದೀರಿ. ಫೋನ್ ಬಂದಾಗ ನಾನೂ ನಕ್ಕಿದ್ದೆ. ಅಮ್ಮ ನನ್ನ ಕಡೆ ತಿರುಗಿ ನೋಡಿದ್ದೇ ತಡ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ.

ಮಾಮ ಫೋನ್ ಮಾಡಿದ್ದು ಶ್ರೀನಿವಾಸಪುರದಿಂದ. ನಾವಿರುವುದು ಮುಳಬಾಗಿಲಿನಲ್ಲಿ. ಫೋನ್ ಇಲ್ಲದಿದ್ದರೂ ಕೇಳುತ್ತಿತ್ತೇನೋ, ಅಷ್ಟು ಜೋರು. ಅಮ್ಮ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಿದ್ದಳು.

"ಅಕ್ಕಾ, ನಾನು ಅಷ್ಟು ಸಣ್ಣೋನಾಗ್ಬಿಟ್ನಾ ನಿಮ್ಗೆಲ್ಲ?"

"ಯಾರಪ್ಪಾ ಹಂಗಂದೋರು?"

"ಅನ್ನೋದೇನ್ ಬಂತು, ಕಣ್ಣಾರೆ ನೋಡ್ದೆ. ಕಣ್ಣಾರೆ ಅನ್ನೋದೂ ಸುಳ್ಳು! ಕನ್ನಡಕ ಹಾಕ್ಕೊಂಡು, ಮೂಗು ಆ ಕಂಪ್ಯೂಟರ್‌ಗೆ ತಗಲೋವರ್ಗೂ ಬಗ್ಗಿ ನೋಡ್ದೆ. ಆ ಮಾಲೂರಿನ ಬೀಗರ ಹೆಸರು ಒಂದೊಂದೂ ಬದನೇಕಾಯಿ ಗಾತ್ರ. ನಂದು ಸಾಸಿವೆ!"

"ಹುಡುಗ ಏನೋ ಎಡವಟ್ಟು ಮಾಡಿರ್ತಾನೆ ಕಣೋ..."

"ಹುಡುಗ ಮಾಡ್ಲಿ, ಭಾವ ಮಾಡಿಸ್ಲಿ. ಹುಡುಗೀನ ಬುಟ್ಟೀಲಿ ಕೂರ್ಸಿ ಹೊತ್ಕೊಂಡ್ ಬರೋಕೆ ಯಾರಾದ್ರೂ ದೊಡ್ಡ ಹೆಸರಿನೋರ್ನೇ ನೋಡ್ಕೊಳ್ಳಿ. ಇಡ್ತೀನಿ!"

ಇಟ್ಟೇಬಿಟ್ಟರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಮನೆಯ ಮದುವೆಗಳಲ್ಲಿ ಹೆಣ್ಣು ನಡೆದುಕೊಂಡು ಮಂಟಪಕ್ಕೆ ಬರುವ ಹಾಗಿಲ್ಲ. ಬಿದಿರಿನ ಬುಟ್ಟಿಯಲ್ಲಿ ಅಕ್ಕಿ ಹರಡಿ, ಅದರಲ್ಲಿ ಅವಳನ್ನು ಕೂರಿಸಿ, ಸೋದರಮಾವ ಹೊತ್ತು ತರಬೇಕು. (ಒಬ್ಬರಿಂದಲೇ ಆಗುವ ಕೆಲಸವಲ್ಲ, ಹಿಂದೆ ಮುಂದೆ ನಾಲ್ಕು ಕೈ ಸೇರುತ್ತವೆ. ಆದರೆ ಕ್ರೆಡಿಟ್ಟು ಪೂರ್ತಿ ಮಾಮನದೇ.) ನಮಗಿರುವುದು ಒಬ್ಬರೇ ಸೋದರಮಾವ. ನಾಗಭೂಷಣ ಮಾಮ, ಅಮ್ಮನ ತಮ್ಮ. ಮಾವಿನಹಣ್ಣಿನ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಸುಮಕ್ಕ ಅಂದರೆ ಪ್ರಾಣ. ಅವಳು ಲಂಗ ಹಾಕುವ ವಯಸ್ಸಿನಲ್ಲೇ ಅವಳನ್ನು ಎತ್ತಿ ತೂಗಿ, "ಇವಳ ಮದುವೆ ಹೊತ್ತಿಗೆ ನನಗೆ ಸೊಂಟ ಗಟ್ಟಿ ಇರ್ಬೇಕಮ್ಮಾ" ಅನ್ನುತ್ತಿದ್ದ ಮನುಷ್ಯ.

ಈಗ ಬರುವುದಿಲ್ಲವಂತೆ. ಮದುವೆಗೆ ಉಳಿದಿರುವುದು ಎರಡು ವಾರ.

ಸುಮಕ್ಕ ಒಳಗಿನಿಂದ ಬಂದಳು. ಕೂಗಾಡಲಿಲ್ಲ. "ಸೀನಾ, ಮಾಮ ಬರ್ಲಿಲ್ಲ ಅಂದ್ರೆ ನಾನು ಕೋಣೆಯಿಂದ ಆಚೆ ಬರಲ್ಲ. ನೀನೂ ನಿನ್ನ ವೆಬ್‌ಸೈಟೂ ಹೋಗಿ ಹಸೆಮಣೆ ಮೇಲೆ ಕೂತ್ಕೊಳ್ಳಿ" ಅಂತ ಹೇಳಿ, ಬಾಗಿಲು ಹಾಕಿಕೊಂಡಳು.

ಹೌದು, ವೆಬ್‌ಸೈಟ್. ಅಕ್ಕನ ಮದುವೆಗೆ ನಾನೊಂದು ವೆಬ್‌ಸೈಟ್ ಮಾಡಿದ್ದೆ, ಎರಡೂ ಕಡೆಯವರ ಹೆಸರು ಹಾಕಿದ ಕರೆಯೋಲೆಯ ತರಹ. ಇಡೀ ಮುಳಬಾಗಿಲಿನಲ್ಲೇ ಇಂಥದ್ದು ಮೊದಲನೆಯದು ಅಂತ ನಾನೇ ಘೋಷಿಸಿಕೊಂಡೂ ಬಿಟ್ಟಿದ್ದೆ. (ಬೇರೆ ಯಾರಾದರೂ ಮಾಡಿದ್ದರೆ ದಯವಿಟ್ಟು ಸುಮ್ಮನಿರಿ.) ನನಗೆ ಇದನ್ನು ಯಾರೂ ಕಲಿಸಿಲ್ಲ. ನಾನು ಓದಿದ್ದು ಬಿ.ಕಾಂ. ಸೈಬರ್ ಸೆಂಟರಿನಲ್ಲಿ ಕೂತು, ಚೆನ್ನಾಗಿ ಕಂಡ ಪೇಜಿನ ಮೇಲೆಲ್ಲ ರೈಟ್ ಕ್ಲಿಕ್ ಮಾಡಿ, 'ವ್ಯೂ ಸೋರ್ಸ್' ಒತ್ತಿ, ಒಳಗೆ ಹೊಟ್ಟೆಯಲ್ಲಿ ಏನಿದೆ ನೋಡಿ ನೋಡಿ ಕಲಿತದ್ದು. ಒಂದು ಸಾಲು ಅಳಿಸಿದರೆ ಏನಾಗುತ್ತೆ? ಒಂದು ಸಂಖ್ಯೆ ಬದಲಾಯಿಸಿದರೆ ಏನಾಗುತ್ತೆ? ರೇಡಿಯೋ ಬಿಚ್ಚುವ ಹುಡುಗರಿರುತ್ತಾರಲ್ಲ, ಆ ಜಾತಿ ನನ್ನದು.

ಆದರೆ ಅಕ್ಷರದ ಸೈಜು ಅನ್ನುವುದೊಂದು ಇದೆಯಲ್ಲ, ಅದು ಮಾತ್ರ ಬಿಚ್ಚಿದಷ್ಟೂ ಸ್ಕ್ರೂ ಬರುತ್ತಲೇ ಇರುವ ಸಾಮಾನು.

ಪ್ರೆಸ್ಸಿನಲ್ಲಿ ಇದು ಸುಲಭ. ಹದಿನಾಲ್ಕು ಪಾಯಿಂಟ್ ಅಂದರೆ ಹದಿನಾಲ್ಕು ಪಾಯಿಂಟ್. ಕಾಗದದ ಮೇಲೆ ಒತ್ತಿದ ಮೇಲೆ ಅದು ಕೋಲಾರಕ್ಕೆ ಹೋದರೂ ಅಷ್ಟೇ, ಕಾಶಿಗೆ ಹೋದರೂ ಅಷ್ಟೇ. ವೆಬ್ ಪೇಜಿನಲ್ಲಿ ಹಾಗಲ್ಲ. ಅಲ್ಲಿ ಅಳತೆಗಳೇ ಮೂರು ನಾಲ್ಕು ತರಹ. ಒಂದು ಪಿಕ್ಸೆಲ್. ಇದನ್ನು ನಮ್ಮಮ್ಮನಿಗೆ ಹೇಳಿದ್ದು ಹೀಗೆ: "ಅಮ್ಮಾ, ಕಂಪ್ಯೂಟರಿನ ಪರದೆ ತುಂಬ ರಂಗೋಲಿ ಚುಕ್ಕಿ ಇಟ್ಟಿರ್ತಾರೆ. ಅಕ್ಷರ ಹದಿನಾರು ಪಿಕ್ಸೆಲ್ ಅಂದ್ರೆ ಹದಿನಾರು ಚುಕ್ಕಿ ಎತ್ತರ." ಅಮ್ಮ ತಕ್ಷಣ ಕೇಳಿದಳು: "ಚುಕ್ಕಿ ಹತ್ತಿರ ಹತ್ತಿರ ಇಟ್ರೆ?" ಅದೇ ಪ್ರಾಬ್ಲಂ! ಕೆಲವು ಮಾನಿಟರುಗಳಲ್ಲಿ ಚುಕ್ಕಿ ಒತ್ತೊತ್ತಾಗಿರುತ್ತವೆ. ಅಲ್ಲಿ ಅದೇ ಹದಿನಾರು ಚುಕ್ಕಿಯ ರಂಗೋಲಿ ಹೊಸಿಲಿನ ಮೂಲೆಗೆ ಸಾಕಾಗುವಷ್ಟಾಗುತ್ತೆ.

ಇನ್ನೊಂದು 'ಎಮ್' ಅಂತ. ಇದು ನನಗೆ ಬಹಳ ಇಷ್ಟವಾದದ್ದು. ಇದು ಹೂವಿನ ಮೊಳ ಇದ್ದ ಹಾಗೆ. ಮೊಳ ಅಂದರೆ ಎಷ್ಟು ಉದ್ದ? ಅಳೆಯುವವರ ಕೈ ಎಷ್ಟು ಉದ್ದವೋ ಅಷ್ಟು! (ನಮ್ಮಮ್ಮ ಹೂವಿನವರ ಮುಖ ನೋಡುವುದಿಲ್ಲ, ಮೊಣಕೈ ನೋಡಿ ಅಂಗಡಿ ಆರಿಸುತ್ತಾಳೆ.) ಎಮ್ ಕೂಡ ಹಾಗೇ, ಅದಕ್ಕೆ ಅಂತ ಸ್ವಂತ ಉದ್ದ ಇಲ್ಲ. ಪೇಜಿನ ಯಾವ ಡಬ್ಬಿಯೊಳಗೆ ಅಕ್ಷರ ಇದೆಯೋ ಆ ಡಬ್ಬಿಗೆ ಗೊತ್ತುಮಾಡಿದ ಅಕ್ಷರದ ಸೈಜು ಒಂದು ಎಮ್. 0.8 ಎಮ್ ಅಂದರೆ ಅದರಲ್ಲಿ ನೂರಕ್ಕೆ ಎಂಬತ್ತು ಭಾಗ.

ನೋಡುವವರು ತಮ್ಮ ಬ್ರೌಸರಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡರೆ ಎಮ್ ಕೂಡ ದೊಡ್ಡದಾಗುತ್ತೆ, ಚಿಕ್ಕದು ಮಾಡಿಕೊಂಡರೆ ಚಿಕ್ಕದಾಗುತ್ತೆ. ಎಷ್ಟು ಒಳ್ಳೆಯ ಸ್ವಭಾವ! ಪಿಕ್ಸೆಲ್ಲು, ಪಾಯಿಂಟು ಹಾಗಲ್ಲ. ನಾವೆಲ್ಲ ಬಳಸುವ ಬ್ರೌಸರಿನಲ್ಲಿ ನೀವು ಏನೇ ಒತ್ತಿ, ಅವು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಅದಕ್ಕೇ ನಾನು, ಪೇಜು ಹೇಗೆ ಕಾಣಬೇಕು ಅಂತ ಬರೆದಿಡುವ ಸ್ಟೈಲ್‌ಶೀಟಿನಲ್ಲಿ, ಎಲ್ಲ ಕಡೆ ಎಮ್ ಹಾಕಿದೆ. ಓದುವವರಿಗೆ ಉಪಕಾರ ಮಾಡುತ್ತಿದ್ದೇನೆ ಅಂತ ಎದೆ ಉಬ್ಬಿಸಿಕೊಂಡೇ ಹಾಕಿದೆ.

ಫೋನ್ ಬಂದ ತಕ್ಷಣ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಪೇಜ್ ತೆಗೆದು ನೋಡಿದೆ. ಮಾಮನ ಹೆಸರು ಇದೆ. ಓದುವ ಹಾಗೇ ಇದೆ. ಮಾಲೂರಿನವರದಕ್ಕಿಂತ ಒಂದು ಚೂರು ಚಿಕ್ಕದು ಅಂದರೆ ಚಿಕ್ಕದು. ಸಾಸಿವೆ ಅಂತೂ ಖಂಡಿತ ಅಲ್ಲ. ಮಾಮ ನೋಡಿದ್ದೇನು ಹಾಗಾದರೆ?

"ಇಲ್ಲಿ ಕೂತು ಏನ್ ನೋಡ್ತೀಯ? ಹೋಗಿ ಕಾಲ್ ಹಿಡ್ಕೋ" ಅಂದಳು ಅಮ್ಮ.

ಶ್ರೀನಿವಾಸಪುರದ ಬಸ್ ಹತ್ತಿದೆ. ಮಾವಿನ ಸೀಸನ್ನು. ಊರು ಇನ್ನೂ ದೂರ ಇರುವಾಗಲೇ ಕಿಟಕಿಯಲ್ಲಿ ವಾಸನೆ. ಮಂಡಿಗಳ ಮುಂದೆ ಲಾರಿ, ಟ್ರಾಕ್ಟರ್, ಕ್ರೇಟು, ಹುಲ್ಲು, ಬೈಗುಳ. ಬಸ್ ಸ್ಟ್ಯಾಂಡಿನ ಪಕ್ಕ ಯಾವುದೋ ಹುಟ್ಟುಹಬ್ಬದ ಫ್ಲೆಕ್ಸು. ಮಧ್ಯೆ ಒಂದು ತಲೆ ನೀರಿನ ಟ್ಯಾಂಕಿನಷ್ಟು, ಅದರ ಸುತ್ತ ಆರು ತಲೆ ಕುಂಬಳಕಾಯಿಯಷ್ಟು, ಕೆಳಗೆ ಸಾಲಾಗಿ ಮೂವತ್ತು ತಲೆ ನಿಂಬೆಹಣ್ಣಿನಷ್ಟು. ಯಾರು ಯಾರಿಗೆ ಎಷ್ಟು ಹತ್ತಿರ ಅಂತ ಸ್ಕೇಲಿಟ್ಟು ಅಳೆಯಬಹುದು. ಆ ನಿಂಬೆಹಣ್ಣುಗಳಲ್ಲಿ ಒಬ್ಬರೂ ಮುನಿಸಿಕೊಂಡಿಲ್ಲವೇ? ಅವರ ಅಕ್ಕಂದಿರಿಗೆ ಎಷ್ಟು ಫೋನ್ ಬಂದಿರಬಹುದು?

ಮಾಮ ಮನೆಯಲ್ಲೇ ಇದ್ದರು. ನಾನು ಒಳಗೆ ಹೋದೊಡನೆ ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿದರು. ಗೋಡೆಯ ಮೇಲೆ ಓದಲಿಕ್ಕೆ ಏನೂ ಇರಲಿಲ್ಲ. ಆದರೂ ಓದುತ್ತಿದ್ದರು.

ಮಾಮನ ಹೆಂಡತಿ ಕಮಲತ್ತೆ ಒಂದು ಲೋಟ ಸೀಕರಣೆ ತಂದುಕೊಟ್ಟರು. "ಬಾರಪ್ಪ ಸೀನಾ. ನಿಮ್ಮ ಮಾಮ ಎರಡು ದಿನದಿಂದ ಇಷ್ಟೇ. ಸಾರಿಗೆ ಉಪ್ಪು ಸಾಕಾ ಅಂತ ಕೇಳಿದ್ರೆ, ನನ್ನ ಕೇಳೋಕೆ ನಾನೇನ್ ದೊಡ್ಡೋನಾ ಅಂತಾರೆ."

"ಏಮಿರಾ, ಯಾತಕ್ಕೆ ಬಂದೆ?" ಗೋಡೆಗೆ ಕೇಳಿದರು ಮಾಮ. (ಸಿಟ್ಟು ಬಂದರೆ ಅವರ ಮಾತಿಗೆ ತೆಲುಗು ಬೆರೆಯುತ್ತೆ.)

"ನೀವು ನೋಡಿದ್ದು ತೋರ್ಸಿ ಮಾಮ. ನಮ್ಮನೇಲಿ ಚೆನ್ನಾಗೇ ಕಾಣ್ತಿದೆ."

"ನಿಮ್ಮನೇಲಿ ಎಲ್ಲಾ ಚೆನ್ನಾಗೇ ಕಾಣತ್ತೆ. ಚೂಡು, ನೀನೇ ನೋಡು!" ಅಂತ ಜೇಬಿನಿಂದ ಮಡಿಸಿದ ಪ್ರಿಂಟ್‌ಔಟ್ ತೆಗೆದು ಹಿಂದಕ್ಕೆ ಚಾಚಿದರು. ಮುಖ ಇನ್ನೂ ಗೋಡೆಗೇ.

ಬಿಡಿಸಿ ನೋಡಿದೆ. ಅಯ್ಯೋ ದೇವರೇ.

ಬಲಗಡೆ ಮಾಲೂರಿನ ಬೀಗರ ಕಡೆಯವರು ದಪ್ಪ ದಪ್ಪ ಅಕ್ಷರಗಳಲ್ಲಿ ಎದೆ ಸೆಟೆದು ನಿಂತಿದ್ದಾರೆ. ಎಡಗಡೆ ನಾವು. ದಿವಂಗತ ತಾತನ ಹೆಸರು ಸಣ್ಣದು. ಅದರ ಕೆಳಗೆ ಅಪ್ಪ ಅಮ್ಮ ಇನ್ನೂ ಸಣ್ಣ. ಅದರ ಕೆಳಗೆ ಒಂದು ಇರುವೆ ಸಾಲು. ಆ ಇರುವೆ ಸಾಲೇ 'ಸೋದರಮಾವ ನಾಗಭೂಷಣ'. ಒತ್ತಕ್ಷರಗಳು ಎಲ್ಲಿ ಬಿದ್ದುಹೋದವೋ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರಗಳಾದರೆ ಸಣ್ಣದಾದರೂ ಹೇಗೋ ಊಹಿಸಬಹುದು. ನಮ್ಮ ಕನ್ನಡದ ಅಕ್ಷರಕ್ಕೆ ತಲೆಕಟ್ಟು ಬೇಕು, ಕೊಂಬು ಬೇಕು, ಕೆಳಗೆ ಒತ್ತು ಬೇಕು. ಇಷ್ಟೆಲ್ಲ ಸಂಸಾರ ಇಟ್ಟುಕೊಂಡು ಆರು ಚುಕ್ಕಿಯೊಳಗೆ ಹೇಗೆ ಬಾಳುವುದು?

"ಏನಿದು?" ಅಂದರು ಮಾಮ. ಈಗ ಕುರ್ಚಿ ಅರ್ಧ ತಿರುಗಿತ್ತು.

"ಮಾಮ, ಇದು ಎಮ್ ಅಂತ ಒಂದು ಅಳತೆ..."

"ಅದೆಲ್ಲ ಬೇಡ. ನನ್ನ ಯಾತಕ್ಕೆ ಕೊನೇಲಿ ಹಾಕ್ದೆ ಹೇಳು."

"ಕೊನೇಲಿ ಅಲ್ಲ ಮಾಮ, ಒಳಗೆ. ಪೇಜ್ ಮಾಡೋವಾಗ ಡಬ್ಬಿ ಒಳಗೆ ಡಬ್ಬಿ ಇಡ್ತೀವಿ. ತಾತ ದೊಡ್ಡ ಡಬ್ಬಿ. ಅದರೊಳಗೆ ಅಪ್ಪ ಅಮ್ಮ. ಅದರೊಳಗೆ ನೀವು. ಒಳಗಿರೋದು ಹೊರಗಿನ ಡಬ್ಬಿಗೆ ಮಗು ಇದ್ದ ಹಾಗೆ. ಒಳಗಿನದಕ್ಕೆ ಹೊರಗಿನ ಡಬ್ಬಿ ಸೈಜಿನಲ್ಲಿ 0.8 ಭಾಗ ಬರಲಿ ಅಂತ ಒಂದೇ ಒಂದು ಸಲ ಬರೆದಿದ್ದೆ. ಅದು ಒಳಗೆ ಹೋದ ಹಾಗೆಲ್ಲ ಮತ್ತೆ ಮತ್ತೆ ಕಡಿಮೆ ಆಗ್ತಾ ಹೋಗಿದೆ. ತಾತ ಇಪ್ಪತ್ತಾದ್ರೆ ಅಪ್ಪ ಹದಿನಾರು. ಆ ಹದಿನಾರಲ್ಲಿ ಮತ್ತೆ 0.8 ಅಂದ್ರೆ ನೀವು ಹದಿಮೂರೂ ಇಲ್ಲ."

ಹೇಳುತ್ತಾ ಹೇಳುತ್ತಾ ನನಗೇ ಖುಷಿಯಾಗುತ್ತಿತ್ತು. ಎಷ್ಟು ಚೆಂದದ ಲೆಕ್ಕ ಅಲ್ಲವೇ! ಮಾಮ ಲೆಕ್ಕದವರು, ಅವರಿಗೂ ಖುಷಿಯಾಗುತ್ತೆ ಅಂದುಕೊಂಡೆ.

ಮಾಮ ಪೂರ್ತಿ ತಿರುಗಿದರು. ಮುಖ ಕೆಂಪು.

"ನಿಲ್ಸು ನಿಲ್ಸು. ನಾನು ಯಾರೊಳಗೆ ಇದೀನಿ ಅಂದೆ?"

"ಅಪ್ಪನ ಡಬ್ಬಿ ಒಳಗೆ."

"ನಿಮ್ಮಪ್ಪನಿಗೆ ನಾನು ಮಗುವಾ?"

"ಎಚ್‌ಟಿಎಂಎಲ್‌ನಲ್ಲಿ ಹೌದು ಮಾಮ."

"ಲೇ! ನಿಮ್ಮಪ್ಪ ನನಗೆ ಭಾವ ಕಣೋ, ಅಪ್ಪ ಅಲ್ಲ! ನಮ್ಮಕ್ಕನ್ನ ನಾವು ಕೊಟ್ಟೋರು. ಕೊಟ್ಟೋರ್ನ ತಗೊಂಡ್ ಹೋಗಿ ತಗೊಂಡೋರ ಹೊಟ್ಟೆ ಒಳಗೆ ಹಾಕಿದೀಯಲ್ಲೋ!"

ಕಮಲತ್ತೆ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದರು. ಅಲ್ಲಿಂದ ಪಾತ್ರೆ ಬಿದ್ದ ಸದ್ದು. ನಾನು ಮಾತ್ರ ಎದ್ದು ನಿಂತೇಬಿಟ್ಟೆ. ಮಾಮ ಹೇಳಿದ್ದರಲ್ಲಿ ತಪ್ಪೇನಿದೆ? ಯಾರ ಕೆಳಗೆ ಬರೆದೆ ಅನ್ನುವುದಲ್ಲ, ಯಾರ ಒಳಗೆ ಇಟ್ಟೆ ಅನ್ನುವುದೇ ಇಲ್ಲಿ ಪ್ರಶ್ನೆ. ಕಣ್ಣಿಗೆ ಎರಡೂ ಒಂದೇ ತರಹ ಕಾಣುತ್ತೆ. ಅಳತೆಗೆ ಮಾತ್ರ ಗೊತ್ತು, ಯಾರು ಯಾರ ಮನೆಯ ಅನ್ನ ಉಣ್ಣುತ್ತಿದ್ದಾರೆ ಅಂತ.

"ಸರಿ, ನಾನು ಸಣ್ಣಗಾದೆ. ಮಾಲೂರಿನೋರು ಯಾತಕ್ಕೆ ಕರಗಲಿಲ್ಲ?" ಮಾಮ ಬಿಡುವವರಲ್ಲ.

ಅದಕ್ಕೂ ಕಾರಣವಿತ್ತು. ಅವರ ಕಡೆಯ ಹೆಸರುಗಳನ್ನು ಮದುವೆ ಹುಡುಗನ ತಂಗಿ ಟೈಪ್ ಮಾಡಿ ಈಮೇಲ್ ಕಳಿಸಿದ್ದಳು. ಹದಿನಾಲ್ಕು ಪಾಯಿಂಟ್, ಬೋಲ್ಡ್. ನಾನು ಹಾಗೇ ಕಾಪಿ ಮಾಡಿ ಅಂಟಿಸಿದ್ದೆ. ಅವರು ತಮ್ಮ ಅಳತೆಯನ್ನು ತಮ್ಮ ಜೊತೆಗೇ ಕಟ್ಟಿಕೊಂಡು ಬಂದಿದ್ದರು. ಬೀಗರು ತಮ್ಮ ಹಾಸಿಗೆ ತಾವೇ ತಂದ ಹಾಗೆ. ನಮ್ಮ ಮನೆಯ ಏರುಪೇರು ಅವರಿಗೆ ತಟ್ಟುವುದೇ ಇಲ್ಲ.

ಆದರೂ ಒಂದು ಗಂಟು ಉಳಿಯಿತು. ನಮ್ಮ ಮನೆಯಲ್ಲಿ ಓದುವ ಹಾಗಿದ್ದದ್ದು ಇಲ್ಲಿ ಇರುವೆಯಾದದ್ದು ಹೇಗೆ?

"ಮಾಮ, ಈ ಪ್ರಿಂಟ್ ತೆಗೆದ ಸೈಬರ್ ಸೆಂಟರಿಗೆ ಹೋಗೋಣ ಬನ್ನಿ."

"ನಾನ್ಯಾಕೆ ಬರ್ಲಿ?"

"ನಿಮ್ಮ ಹೆಸರು ನಿಮ್ಮ ಕಣ್ಣೆದುರಿಗೇ ದೊಡ್ಡದಾಗೋದು ನೋಡಲ್ವಾ?"

ಮಾಮ ಗೋಡೆ ನೋಡಿದರು. ನನ್ನನ್ನು ನೋಡಿದರು. ಚಪ್ಪಲಿ ಹಾಕಿಕೊಂಡರು.

ಸೈಬರ್ ಸೆಂಟರಿನ ಯಜಮಾನರು ಬಾಬಣ್ಣ ಅಂತ. ಪೇಜ್ ತೆರೆದೆ. ಹೌದು, ಇಲ್ಲೂ ಇರುವೆ. ಬ್ರೌಸರಿನ ಮೇಲ್ಗಡೆ 'ವ್ಯೂ' ಒತ್ತಿ, 'ಟೆಕ್ಸ್ಟ್ ಸೈಜ್'ಗೆ ಹೋದೆ. ಐದು ಮೆಟ್ಟಿಲು ಇರುತ್ತವೆ ಅಲ್ಲಿ. ಲಾರ್ಜೆಸ್ಟ್‌ನಿಂದ ಸ್ಮಾಲೆಸ್ಟ್ ತನಕ. ಟಿಕ್ ಮಾರ್ಕು ಸ್ಮಾಲೆಸ್ಟ್ ಮೇಲೆ ಕೂತಿತ್ತು!

"ಇದನ್ನ ಯಾರು ಇಲ್ಲಿಟ್ಟಿದ್ದು ಬಾಬಣ್ಣ?"

"ನಾನೇ. ಎಲ್ಲಾ ಸಿಸ್ಟಮ್ಮಲ್ಲೂ ಹಂಗೇ ಇಟ್ಟಿದೀನಿ. ರಿಸಲ್ಟ್ ಟೈಮು ಅಲ್ವಾ, ಒಂದೇ ಶೀಟಲ್ಲಿ ಹಿಡೀಬೇಕು. ಎರಡನೇ ಶೀಟಿಗೆ ಎರಡು ಲೈನ್ ಹೋದ್ರೆ ಜನ ನನ್ನ ಜೊತೆ ಗಲಾಟೆ ಮಾಡ್ತಾರೆ."

ಗೊತ್ತಾಯಿತಲ್ಲ? ನಮ್ಮ ಮನೆಯ ಕಂಪ್ಯೂಟರಿನಲ್ಲಿ ಅಮ್ಮನಿಗೆ ಓದಲು ಅನುಕೂಲವಾಗಲಿ ಅಂತ ನಾನು 'ಲಾರ್ಜರ್' ಇಟ್ಟಿದ್ದೆ. ಬಾಬಣ್ಣ ಕಾಗದ ಉಳಿಸಲು 'ಸ್ಮಾಲೆಸ್ಟ್' ಇಟ್ಟಿದ್ದರು. ಇಬ್ಬರದೂ ಒಳ್ಳೆಯ ಉದ್ದೇಶವೇ. ಮಧ್ಯದಲ್ಲಿ ಮಾಮ ಪುಡಿಯಾದರು.

"ಈಗ ನೋಡಿ ಮಾಮ" ಅಂತ ಲಾರ್ಜೆಸ್ಟ್ ಒತ್ತಿದೆ.

ಮಾಮನ ಹೆಸರು ಪೂರಿ ಉಬ್ಬಿದ ಹಾಗೆ ಉಬ್ಬಿತು. ತಾತ, ಅಪ್ಪ, ಅಮ್ಮ ಎಲ್ಲರೂ ಉಬ್ಬಿದರು. ಮಾಲೂರಿನವರು? ಇದ್ದಲ್ಲೇ, ಇದ್ದಷ್ಟೇ. ಹದಿನಾಲ್ಕು ಪಾಯಿಂಟ್, ಬೋಲ್ಡ್. ಈಗ ಮಾಮನ ಮುಂದೆ ಅವರೇ ಸಣ್ಣ.

ಮಾಮನ ಮುಖ ನೋಡಬೇಕಿತ್ತು ನೀವು.

"ಹಂಗೇ ಇಡು" ಅಂದರು. "ಮುಟ್ಟಬೇಡ. ಬಾಬೂ, ಇದೊಂದು ಪ್ರಿಂಟ್ ತೆಗಿ. ಮಂಡೀಲಿ ತೋರಿಸ್ಬೇಕು."

"ಮಾಮ, ಇದು ಈ ಕಂಪ್ಯೂಟರಲ್ಲಿ ಮಾತ್ರ. ಬೇರೆ ಕಡೆ ನೋಡಿದ್ರೆ ಬೇರೆ ತರ ಕಾಣತ್ತೆ."

"ಅಂದ್ರೆ? ನನ್ನ ಹೆಸರು ಊರೂರಿಗೆ ಒಂದೊಂದು ಸೈಜಾ?"

"ಹೌದು."

"ಮಾಲೂರಲ್ಲಿ ನೋಡಿದ್ರೆ?"

"ಅವರು ಹೆಂಗಿಟ್ಕೊಂಡಿದಾರೋ ಹಂಗೆ."

ಮಾಮ ಯೋಚನೆಗೆ ಬಿದ್ದರು. ಮಾಲೂರಿನ ಸೈಬರ್ ಸೆಂಟರಿನಲ್ಲೂ ಒಬ್ಬ ಬಾಬಣ್ಣ ಇದ್ದರೆ? ಅಲ್ಲಿಯ ಜನ ಇರುವೆ ಗಾತ್ರದ ಸೋದರಮಾವನನ್ನು ನೋಡಿ ಏನಂದುಕೊಳ್ಳಬೇಡ? ಪಕ್ಕದ ಸ್ಟೂಲು ಎಳೆದುಕೊಂಡು ನನ್ನ ಭುಜಕ್ಕೆ ಭುಜ ಒತ್ತಿ ಕೂತರು. "ಸರಿ ಮಾಡು. ಮೊದಲು ನನ್ನ ನಿಮ್ಮಪ್ಪನ ಹೊಟ್ಟೆಯಿಂದ ಆಚೆಗೆ ತೆಗಿ."

ತೆಗೆದೆ. ಅಪ್ಪನ ಡಬ್ಬಿ ಮುಚ್ಚಿದ ಮೇಲೆ, ಅದರ ಪಕ್ಕಕ್ಕೆ, ಅಷ್ಟೇ ದೊಡ್ಡ ಇನ್ನೊಂದು ಡಬ್ಬಿ. ಮಾಮ ಈಗ ಸ್ವತಂತ್ರ. "ಈಗ ಪರವಾಗಿಲ್ಲ" ಅಂದರು. "ಈಗ ಸೈಜು. ಮಾಲೂರಿನೋರ್ಗಿಂತ ಒಂದು ಕೂದಲೆಳೆ ಜಾಸ್ತಿ ಇರ್ಲಿ."

"ಅವರು ಮುನಿಸ್ಕೊಂಡ್ರೆ?"

"ಅವರ ಕಡೆ ಯಾರು ಹುಡುಗೀನ ಹೊರ್ತಾರೆ? ಯಾರೂ ಇಲ್ಲ. ನಾನು ಹೊರ್ತೀನಿ. ಹೊರೋನಿಗೆ ಒಂದು ಕೂದಲೆಳೆ ಜಾಸ್ತಿ ಕೊಡೋಕಾಗಲ್ವಾ?"

ನ್ಯಾಯವಾಗೇ ಇತ್ತು. ಆದರೆ ಅವರದು ಪಾಯಿಂಟು, ನಮ್ಮದು ಎಮ್ಮು. ಒಂದು ನಿಂತಲ್ಲೇ ನಿಂತಿರುತ್ತೆ, ಇನ್ನೊಂದು ಗಾಳಿಪಟದ ತರಹ ಮೇಲೆ ಕೆಳಗೆ ಆಡುತ್ತೆ. ಎಲ್ಲ ಊರಲ್ಲೂ ಒಂದು ಕೂದಲೆಳೆ ಜಾಸ್ತಿ ಇರಬೇಕಾದರೆ ಇಬ್ಬರಿಗೂ ಒಂದೇ ಅಳತೆ ಬೇಕು. ಮಾಲೂರಿನವರ ಪಾಯಿಂಟನ್ನೂ ಬೋಲ್ಡನ್ನೂ ಕಿತ್ತು ಎಸೆದೆ, ಅವರಿಗೂ ಒಂದು ಎಮ್. ಅಪ್ಪ ಅಮ್ಮನಿಗೆ ಒಂದು ಎಮ್. ಮಾಮನಿಗೆ 1.1 ಹಾಕಿ ತೋರಿಸಿದೆ.

ಮಾಮ ನೋಡಿದರು. ಹಿಂದಕ್ಕೆ ವಾಲಿ ನೋಡಿದರು. ಕನ್ನಡಕ ತೆಗೆದು ನೋಡಿದರು.

"ಸುಮಾ ಹೆಸರೆಲ್ಲೋ?" ಅಂದರು.

"ಮೇಲಿದೆ ಮಾಮ. ವಧು ವರರ ಹೆಸರು ಅಲ್ಲಿ."

"ಎಷ್ಟು?"

"1.1."

"ನಂದೂ ಅಷ್ಟೇನಾ?"

"ಹೌದು."

"ಅವಳ ಮದುವೇಲಿ ಅವಳಷ್ಟೇ ನಾನಾ? ಥೂ, ಚೆನ್ನಾಗಿರಲ್ಲ." ಕನ್ನಡಕ ಮತ್ತೆ ಹಾಕಿಕೊಂಡರು. "ನಂದು ಒಂದು ಮಾಡು. ಎಲ್ಲಾರ್ದೂ ಒಂದು. ಮಗೂದು ಎರಡು ಮಾಡಿಬಿಡು. ಬಾಬು ಎಷ್ಟೇ ಚಿಕ್ಕದು ಮಾಡಿದ್ರೂ ಅವಳ ಹೆಸರು ಕಾಣ್ಬೇಕು."

ಸುಮಕ್ಕನಿಗೆ ಎರಡು ಎಮ್. (ಮದುಮಗ ಭಾವನಿಗೂ ಎರಡೇ ಹಾಕಿದೆ, ಇನ್ನೊಂದು ಫೋನ್ ಯಾರಿಗೆ ಬೇಕು?) ಒಂದೊಂದು ಮೆಟ್ಟಿಲೂ ಒತ್ತಿ ನೋಡಿದೆವು. ಸ್ಮಾಲೆಸ್ಟ್‌ನಲ್ಲಿ ಎಲ್ಲರೂ ಒಟ್ಟಿಗೆ ಚಿಕ್ಕವರಾದರು, ಲಾರ್ಜೆಸ್ಟ್‌ನಲ್ಲಿ ಎಲ್ಲರೂ ಒಟ್ಟಿಗೆ ದೊಡ್ಡವರಾದರು. ಯಾರೂ ಯಾರನ್ನೂ ಬಿಟ್ಟುಹೋಗಲಿಲ್ಲ. ಮಾಮ ಮೌಸ್ ಕಿತ್ತುಕೊಂಡು ತಾವೇ ಒತ್ತಿದರು. ಮೇಲಕ್ಕೆ, ಕೆಳಕ್ಕೆ, ಮೇಲಕ್ಕೆ. ಹಾರ್ಮೋನಿಯಂ ಸಿಕ್ಕವರ ಹಾಗೆ. ಬಾಬಣ್ಣ ಗಡಿಯಾರ ನೋಡಿದರು.

ಸಂಜೆ ಮನೆಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ, "ನನ್ನ ಹೊಟ್ಟೆ ಒಳಗಿದ್ನಾ ನಿಮ್ಮ ಮಾಮ? ಅದಕ್ಕೇ ಕಣೋ ಎರಡು ದಿನದಿಂದ ಏನ್ ತಿಂದ್ರೂ ಅರಗ್ತಿರ್ಲಿಲ್ಲ" ಅಂದರು. ಅಮ್ಮ ಲಟ್ಟಣಿಗೆ ತೋರಿಸಿದಳು. ಸುಮಕ್ಕನ ಕೋಣೆಯ ಬಾಗಿಲು ತೆರೆಯಿತು. ತನ್ನ ಹೆಸರಿಗೆ ಮಾಮ ಎರಡು ಎಮ್ ಕೊಡಿಸಿದ್ದು ಕೇಳಿ ಮೂಗು ಒರೆಸಿಕೊಂಡಳು, ನಕ್ಕಳು, ಆಮೇಲೆ "ಹಂಗಾದ್ರೆ ನನ್ನ ತೂಕ ಜಾಸ್ತಿಯಾಗಿದೆ ಅಂತ ಮಾಮನಿಗೆ ಹೇಳಿದ್ಯಾ?" ಅಂದಳು.

ಭಾನುವಾರ ಮಾಮ, ಕಮಲತ್ತೆ ಎರಡು ಪೆಟ್ಟಿಗೆ ಮಾವಿನಹಣ್ಣಿನ ಜೊತೆ ಬಂದಿಳಿದರು. ಮದುವೆ ಮುಗಿಯುವ ತನಕ ಇಲ್ಲೇ ಅಂತೆ. ಕಾಫಿ ಕುಡಿಯುತ್ತಿದ್ದಾಗ ಫೋನ್ ಬಂತು. ಮಾಲೂರು. ಹುಡುಗನ ತಂದೆ. ದನಿ ಬಹಳ ಮೆತ್ತಗಿತ್ತು. ಬೀಗರ ದನಿ ಮೆತ್ತಗಾಯಿತೆಂದರೆ ಹುಷಾರಾಗಬೇಕು. "ಏನಿಲ್ಲ, ಮೊನ್ನೆ ನೋಡಿದಾಗ ನಮ್ಮ ಹೆಸರುಗಳು ಸ್ವಲ್ಪ ದಪ್ಪಗಿದ್ವು. ಇವತ್ತು ನೋಡಿದ್ರೆ ಸ್ವಲ್ಪ ಸೊರಗಿದ ಹಾಗಿದೆ. ಏನಾದ್ರೂ ಬೇಜಾರಾಯ್ತಾ ನಮ್ಮಿಂದ?"

ಮಾಮ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡರು.

"ನಮಸ್ಕಾರ ಬೀಗ್ರೇ. ನಾನು ಹುಡುಗಿ ಸೋದರಮಾವ, ನಾಗಭೂಷಣ. ಕಂಪ್ಯೂಟರ್ ಮುಂದೇನೇ ಇದೀರಾ? ಹಾಂ. ಮೇಲ್ಗಡೆ ವ್ಯೂ ಅಂತಿದೆ ನೋಡಿ. ಒತ್ತಿ. ಟೆಕ್ಸ್ಟ್ ಸೈಜು. ಅದರಲ್ಲಿ ಮೇಲಿಂದ ಮೊದಲನೇದು. ಒತ್ತಿದ್ರಾ? ಏನಾಯ್ತು? ಉಬ್ಬಿದ್ರಾ? ಎಲ್ಲಾರೂ ಉಬ್ಬಿದ್ರಾ? ಅಷ್ಟೇ ಬೀಗ್ರೇ. ನಮ್ಮಲ್ಲಿ ಹೆಚ್ಚು ಕಮ್ಮಿ ಏನಿಲ್ಲ, ಎಲ್ಲಾರ್ದೂ ಒಂದು ಎಮ್ಮು. ಎಷ್ಟು ದೊಡ್ಡದು ಬೇಕೋ ಅಷ್ಟು ನಿಮ್ಮನೇಲೇ ಮಾಡ್ಕೊಬಹುದು. ಬರೀ ಪಾಯಿಂಟ್ ಹಾಕಿದ್ರೆ ಈ ಅನುಕೂಲ ಇರಲ್ಲ ನೋಡಿ."

ಆ ಕಡೆಯಿಂದ ನಗು ಕೇಳಿಸಿತು. ಈ ಕಡೆ ಅಪ್ಪ ಪೇಪರ್ ಕೆಳಗಿಟ್ಟು ಭಾವಮೈದುನನನ್ನೇ ನೋಡುತ್ತಿದ್ದರು. ಮಾಮ ಫೋನ್ ಇಟ್ಟು, ಯುದ್ಧ ಗೆದ್ದವರ ಹಾಗೆ ಕುರ್ಚಿಗೆ ಒರಗಿ, ತಣ್ಣಗಾದ ಕಾಫಿಯನ್ನೇ ಒಂದು ಗುಟುಕು ಕುಡಿದರು.

"ಅದಿರ್ಲಿ ಸೀನಾ, ಮದುವೆ ಯಾವ ಛತ್ರದಲ್ಲಿ? ಮುಹೂರ್ತ ಎಷ್ಟೊತ್ತಿಗೆ?"

"ಪೇಜಲ್ಲೇ ಇದೆಯಲ್ಲ ಮಾಮ! ಅಷ್ಟು ಸಲ ನೋಡಿದ್ರಲ್ಲ?"

"ಅದನ್ನ ಯಾರು ನೋಡಿದ್ರು?" ಅಂದರು ಮಾಮ.

ನೀವೇ ಎದೆ ಮುಟ್ಟಿಕೊಂಡು ಹೇಳಿ: ನೆಂಟರ ಮನೆಯ ಮದುವೆ ಕಾರ್ಡ್ ಕೈಗೆ ಬಂದಾಗ ನೀವು ಮೊದಲು ಹುಡುಕುವುದು ಮುಹೂರ್ತವನ್ನೋ, ನಿಮ್ಮ ಹೆಸರನ್ನೋ?